ವಿಸ್ಕಿ: ಚರಿತ್ರೆಯೂ ಸೇವನಕ್ರಮವೂ

ಮೊಳೆಯಿಸಿದ ಬಾರ್ಲಿಯನ್ನಾಗಲಿ ಅನ್ಯ ಧಾನ್ಯಗಳನ್ನಾಗಲಿ ಬಿಸಿನೀರಿನಲ್ಲಿ ಕದಡಿ, ಹುದುಗು ಬರಿಸಿ, ಭಟ್ಟಿ ಇಳಿಸಿ, ಹಾಗೆ ಒದಗಿದ ಸಾರವನ್ನು ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಇರಿಸಿ ಪಕ್ವಗೊಳಿಸಿದ ಮದ್ಯ. ತಯಾರಿಕೆಯ ವಿಧಾನವನ್ನು ಕುರಿತು ಗ್ರಂಥಗಳಲ್ಲಿ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ. ಆದರೆ ಇದು ಮೊದಲು ಹುಟ್ಟಿದುದೆಲ್ಲಿ, ಈ ಹೆಸರು ಯಾವ ಮದ್ಯಕ್ಕೆ ಸಲ್ಲತಕ್ಕದ್ದು ಎಂಬೆರಡು ವಿಷಯಗಳಲ್ಲಿ ಜನಪ್ರಿಯ ಪುಸ್ತಕಗಳು ಒಂದನ್ನೊಂದು ಅನುಸರಿಸುತ್ತ ಗೊಂದಲವನ್ನು ಬೆಳೆಸಿರುವುದರಿಂದ, ಇಲ್ಲಿ ಅವನ್ನೇ ವಿಸ್ತರಿಸಿದೆ.

ಹುಟ್ಟಿದುದು ಐರ್ಲೆಂಡಿನಲ್ಲೋ ಸ್ಕಾಟ್ಲೆಂಡಿನಲ್ಲೋ ಎಂಬ ವಾದದಲ್ಲಿ ಐರ್ಲೆಂಡಿನ ಪಕ್ಷದವರು ಆಧಾರವಾಗಿ ತೋರಿಸುವುದು 1405ರ ಒಂದು ವೃತ್ತಾಂತವನ್ನು. ಒಬ್ಬ ನಾಡೊಡೆಯನು ಕ್ರಿಸ್‌ಮಸ್ ಹಬ್ಬದಲ್ಲಿ ‘ಅಕ್ವಾ ವೀಟೆ’ ಎಂಬ ಭಟ್ಟಿ ಇಳಿಸಿದ ಮದ್ಯವನ್ನು ಮಿತಿಮೀರಿ ಕುಡಿದು ಮಡಿದನೆಂದು ಕ್ಲಾನ್‌ಮಕ್‌ನಾಯ್ಸ್ ವಾರ್ಷಿಕ ವೃತ್ತಾಂತವು ಹೇಳುತ್ತದೆ. ಅದರ ಮೂಲಪ್ರತಿ ನಷ್ಟವಾಗಿ 1627ರ ಇಂಗ್ಲಿಷ್ ಅನುವಾದ ಮಾತ್ರ ಉಳಿದಿರುವುದು ಒಂದು ತೊಡಕು. ದ್ರಾಕ್ಷಾರಸದಿಂದ ಇಳಿಸಿದ ಸಾರಕ್ಕೂ ಆ ಕಾಲದಲ್ಲಿ ಅದೇ ಹೆಸರಿದ್ದುದರಿಂದ, ಆತ ಕುಡಿದದ್ದು ಧಾನ್ಯದ ಮದ್ಯವೇ ಎಂದು ನಿರ್ಧರಿಸಲು ಬಾರದಿರುವುದು ಅದಕ್ಕಿಂತ ದೊಡ್ಡ ತೊಡಕು. ಸ್ಕಾಟ್ಲೆಂಡಿನ ರಾಜಭಂಡಾರದ 1494–95ರ ಲೆಕ್ಕದಲ್ಲಿ, ರಾಜಾಜ್ಞೆಯ ಮೇರೆಗೆ ಅಕ್ವಾ ವೀಟೆ ಮಾಡಲು ಜಾನ್ ಕೋರ್ ಎಂಬ ಸಂನ್ಯಾಸಿಗೆ ಎಂಟು ಬೋಲ್ ಅಳತೆಯ ಮಾಲ್ಟ್ (ಮೊಳೆಯಿಸಿದ ಧಾನ್ಯ) ಕೊಡಲಾಯಿತೆಂದು ಬರೆದಿದೆ. ಕಚ್ಚಾವಸ್ತುವು ಧಾನ್ಯವೆಂದು ಇಲ್ಲಿ ಸ್ಪಷ್ಟವಾಗಿರುವ ಕಾರಣ, ಕಾಲದಲ್ಲಿ ಈಚಿನದಾದರೂ ಪ್ರಮಾಣದಲ್ಲಿ ಈ ದಾಖಲೆಯೇ ಬಲವಾದುದು. ಆ ಸಂನ್ಯಾಸಿಯು ಲಿಂಡೋರ್ಸ್ ಮಠದವನೆಂದು ಈಚಿನ ಬರೆಹಗಳಲ್ಲಿ ಪದೇ ಪದೇ ಕಾಣುವುದುಂಟು; ಲೆಕ್ಕದ ಆ ನಮೂದಿನಲ್ಲಾದರೋ ಮಠದ ಹೆಸರೇ ಇಲ್ಲ. ಅಬರ್ಡೀನ್ ನಗರದ ಹಳೆಯ ದಫ್ತರಗಳಲ್ಲಿ 1505ರಷ್ಟು ಹಿಂದೆಯೇ ಅಕ್ವಾ ವೀಟೆಯ ಭಟ್ಟಿಯೊಂದು ಪಾದ್ರಿಯೊಬ್ಬನ ಆಸ್ತಿಯ ಸಂಬಂಧದಲ್ಲಿ ಉಲ್ಲೇಖಗೊಂಡಿರುವುದು 2019ರಲ್ಲಿ ಪ್ರಕಟವಾದ ಮೇಲೆ, ಈ ವಿದ್ಯೆಯು ಧರ್ಮಾಧಿಕಾರಿಗಳ ನಡುವೆ ಬಳಕೆಯಲ್ಲಿತ್ತೆಂಬುದಕ್ಕೆ ಇನ್ನೊಂದು ಸಾಕ್ಷ್ಯ ದೊರೆತಂತಾಯಿತು.

ಮುಂದಿನ ಮುನ್ನೂರು ವರ್ಷಗಳ ಕತೆ ಸುಪರಿಚಿತವಾದುದು: ತೆರಿಗೆ, ಕಳ್ಳಭಟ್ಟಿ, 1823ರ ಅಬಕಾರಿ ಕಾಯಿದೆ, ಅದರನ್ವಯ ಮರುವರ್ಷವೇ ಪರವಾನಗಿ ಪಡೆದ ಗ್ಲೆನ್‌ಲಿವೆಟ್‌ನ ಜಾರ್ಜ್ ಸ್ಮಿತ್. ಅಬಕಾರಿ ಅಧಿಕಾರಿಯಾಗಿದ್ದ ಈನಿಯಸ್ ಕಾಫಿ 1830ರಲ್ಲಿ ಪೇಟೆಂಟ್ ಪಡೆದ ಸ್ತಂಭಾಕೃತಿಯ ಭಟ್ಟಿಯು ಮಾತ್ರ ನಿಜವಾದ ತಿರುವು. ತಾಮ್ರದ ಹಂಡೆಯಲ್ಲಿ ಒಂದೊಂದು ಸಲಕ್ಕೆ ಇಷ್ಟಿಷ್ಟೆಂದು ಇಳಿಸುತ್ತಿದ್ದ ಕಡೆ, ಅಗ್ಗದ ಧಾನ್ಯದಿಂದ ಹಗುರವಾದ ಸಾರವನ್ನು ಬಿಡುವಿಲ್ಲದೆ ಇಳಿಸುವುದು ಇದರಿಂದ ಸಾಧ್ಯವಾಯಿತು; ಅದನ್ನು ಮಾಲ್ಟ್ ವಿಸ್ಕಿಯೊಡನೆ ಬೆರೆಸಿದ ಮಿಶ್ರಣಗಳೇ ಜಗತ್ತಿನ ಪೇಟೆಯನ್ನು ಗೆದ್ದವು.

ಹಾಗೆ ಬೆರೆಸಿದ್ದು ವಿಸ್ಕಿಯೇ ಎಂಬ ಪ್ರಶ್ನೆ 1905ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಲಂಡನ್ನಿನ ಇಸ್ಲಿಂಗ್ಟನ್ ನಗರಸಭೆಯು, ಸ್ತಂಭಭಟ್ಟಿಯ ಸಾರವನ್ನು ವಿಸ್ಕಿಯೆಂದು ಮಾರಿದರೆಂದು ಕೆಲವು ವ್ಯಾಪಾರಿಗಳ ಮೇಲೆ ಮೊಕದ್ದಮೆ ಹೂಡಿ ಮೊದಲ ಹಂತದಲ್ಲಿ ಗೆದ್ದಿತು; ಮೇಲ್ಮನವಿಯಲ್ಲಿ ನ್ಯಾಯಪೀಠವು ಸಮಸಮವಾಗಿ ಒಡೆಯಿತು. 1908ರಲ್ಲಿ ನೇಮಕವಾದ ರಾಜಾಯೋಗವು ಮರುವರ್ಷ ಕೊಟ್ಟ ವರದಿಯಲ್ಲಿ, ಮಾಲ್ಟಿನ ಕಿಣ್ವದಿಂದ ಸಕ್ಕರೆಯಾಗಿ ಮಾರ್ಪಟ್ಟ ಯಾವ ಧಾನ್ಯದ ಸಾರವೂ, ಭಟ್ಟಿಯು ಯಾವುದೇ ಆಗಲಿ, ವಿಸ್ಕಿಯೆನಿಸಿಕೊಳ್ಳಬಹುದೆಂದು ತೀರ್ಮಾನಿಸಿತು. ಹಂಡೆಭಟ್ಟಿಯವರಿಗೆ ಇದು ಸೋಲು. ಆದರೆ ಧಾನ್ಯವೆಂಬ ಷರತ್ತು ಉಳಿದುಕೊಂಡಿತು. ಕನಿಷ್ಠ ಎರಡು ವರ್ಷ ಪೀಪಾಯಿಯಲ್ಲಿರಬೇಕೆಂಬ ನಿಯಮ ಬಂದದ್ದು 1915ರಲ್ಲಿ, ಯುದ್ಧಕಾಲದ ಕಾಯಿದೆಯಿಂದ. ಅದು ಬೇಗನೆ ಮೂರು ವರ್ಷವಾಯಿತು.

ಧಾನ್ಯವೆಂಬ ಷರತ್ತೇ ಭಾರತದ ವಿಷಯದಲ್ಲಿ ವಿವಾದದ ಮೂಲ. ಊಟದ ಧಾನ್ಯಕ್ಕೇ ಕೊರತೆಯಿದ್ದ ದೇಶದಲ್ಲಿ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಮದ್ಯಸಾರ ತೆಗೆದು, ಅದಕ್ಕೆ ಒಂದಷ್ಟು ಮಾಲ್ಟ್ ವಿಸ್ಕಿಯನ್ನೋ ಪರಿಮಳವನ್ನೋ ಕೂಡಿಸಿ ವಿಸ್ಕಿಯೆಂದು ಮಾರುವುದು ರೂಢಿಯಾಯಿತು. ಐರೋಪ್ಯ ನಿಯಮಗಳ ಪ್ರಕಾರ ಅದನ್ನು ಆ ಹೆಸರಿನಲ್ಲಿ ಅಲ್ಲಿ ಮಾರುವಂತಿಲ್ಲ. ವಿದೇಶೀ ಕೋಶಗಳು ಭಾರತದ ಪ್ರಸ್ತಾಪವನ್ನು ಬಹುಕಾಲ ಈ ಒಂದು ವಾಕ್ಯದಲ್ಲೇ ಮುಗಿಸುತ್ತಿದ್ದುದು ಈಗ ಸಾಲದು. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಅಮೃತ್ ಡಿಸ್ಟಿಲರಿಯು ಬಾರ್ಲಿಯಿಂದಲೇ ಮಾಡಿದ ಸಿಂಗಲ್ ಮಾಲ್ಟ್ ವಿಸ್ಕಿಯನ್ನು, ತವರಿನ ಪೇಟೆಗೆ ತರುವ ಮುನ್ನವೇ, 2004ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿತು. ಮೈಸೂರು ರಸ್ತೆಯ ಕಂಬೀಪುರದ ಉಗ್ರಾಣಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಚ್ಚನೆಯ ಹವೆಯಲ್ಲಿ, ಪೀಪಾಯಿಯ ದ್ರವವು ವರ್ಷಕ್ಕೆ ಶೇಕಡ 10ಕ್ಕೂ ಮಿಕ್ಕಿ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನಲ್ಲಿ ಈ ನಷ್ಟ ಶೇಕಡ 2ರ ಆಸುಪಾಸಿನದು. ಮರದೊಡನೆ ಮದ್ಯದ ಸಂಸರ್ಗವೂ ಅಷ್ಟೇ ತ್ವರಿತವಾಗುವುದರಿಂದ ನಾಲ್ಕೈದು ವರ್ಷದಲ್ಲೇ ಪಕ್ವತೆ ಬರುತ್ತದೆ. ಸೀಸೆಯ ಮೇಲಿನ ವರ್ಷಸಂಖ್ಯೆಯೊಂದರಿಂದಲೇ ಗುಣವನ್ನಳೆಯುವ ಪದ್ಧತಿಯು ಶೀತದೇಶಗಳ ಹವೆಗೆ ತಕ್ಕುದೇ ಹೊರತು ಸಾರ್ವತ್ರಿಕವಲ್ಲವೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವಿಲ್ಲ.

ಸೇವನಕ್ರಮದಲ್ಲಿ ಮುಖ್ಯವಾದುದು ಮೂಗು. ಬಾಯಿ ಕಿರಿದಾಗುವ ಲೋಟದಲ್ಲಿ ಒಂದಿಷ್ಟೇ ಸುರಿದು, ತುಟಿಯನ್ನು ತುಸು ತೆರೆದು ನಿಧಾನವಾಗಿ ಆಘ್ರಾಣಿಸಿದರೆ ಮದ್ಯಸಾರದ ಘಾಟು ಹಿಂದೆ ಸರಿದು ಹಣ್ಣು, ಜೇನು, ಹೊಗೆ ಮೊದಲಾದ ಪರಿಮಳಗಳು ಬಿಡಿಬಿಡಿಯಾಗಿ ತಿಳಿಯುತ್ತವೆ. ನೀರು ಬೆರೆಸುವುದು ಅರಸಿಕತೆಯೆಂಬ ಭಾವನೆ ತಪ್ಪು: ಮಿಶ್ರಣಕಾರರೇ ಸಾರವನ್ನು ಶೇಕಡ 20ರವರೆಗೆ ತೆಳುಮಾಡಿ ಮೂಸಿನೋಡುತ್ತಾರೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ರಸಾಯನಜ್ಞರು ಗಣಕದ ನೆರವಿನಿಂದ ಲೆಕ್ಕಹಾಕಿ, ಹೊಗೆಯ ವಾಸನೆಗೆ ಕಾರಣವಾದ ಗ್ವಾಯಕಾಲ್ ಎಂಬ ವಸ್ತುವು ತೀಕ್ಷ್ಣ ಮದ್ಯದಲ್ಲಿ ಒಳಗೇ ಹುದುಗಿದ್ದು, ನೀರು ಬೆರೆತಂತೆ ಮೇಲ್ಮೈಗೆ ಬರುತ್ತದೆಂದು ತೋರಿಸಿದರು. ಕರ್ನಾಟಕದ ಬಾರುಗಳಲ್ಲಿ 30 ಮಿಲಿಲೀಟರಿನ ಪೆಗ್, 90ರ ‘ನೈಂಟಿ’, 180ರ ‘ಕ್ವಾರ್ಟರ್’ ಎಂಬ ಅಳತೆಗಳಲ್ಲಿ ಕೊಂಡು, ಸೋಡಾವನ್ನೋ ತಣ್ಣೀರನ್ನೋ ಧಾರಾಳವಾಗಿ ಬೆರೆಸಿ, ಕಡಲೆಕಾಯಿ ಬೀಜವನ್ನು ನಂಚಿಕೊಂಡು ಕುಡಿಯುವುದು ವಾಡಿಕೆ. ಕಾಕಂಬಿಯ ಮಿಶ್ರಣಗಳಿಗೆ ಈ ಕ್ರಮವೇ ಹಿತವಾದುದು. ಸಿಂಗಲ್ ಮಾಲ್ಟ್‌ಗೆ ಚಮಚದಷ್ಟು ನೀರು ಸಾಕು, ಮಂಜುಗಡ್ಡೆ ಹಾಕಿದರೆ ಪರಿಮಳ ಅಡಗುತ್ತದೆ.