ಒಂದು ಅಡಿಟಿಪ್ಪಣಿಯಿಂದ ಶುರುವಾದ ಕಾನೂನು

2019ರಲ್ಲಿ ಆನ್‌ಸೈಟ್ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದಾಗ ನನ್ನ ಹೆಂಡತಿ ಮನೆ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಸೇರಿಕೊಂಡಳು. ಎಚ್-4 ವೀಸಾದಲ್ಲಿ ಹೋದ ನಮ್ಮ ಹೆಣ್ಣುಮಕ್ಕಳು ಬಹಳ ಜನ ಹೀಗೇ ಮಾಡ್ತಾರೆ. ವರ್ಕ್ ಪರ್ಮಿಟ್ ಇಲ್ಲದೆ ಕೆಲಸ ಮಾಡೋ ಹಾಗಿಲ್ಲ, ಓದೋಕೆ ಅಡ್ಡಿಯಿಲ್ಲ. ವಾರಕ್ಕೆ ಎರಡು ಸಂಜೆ ಅಕೌಂಟಿಂಗ್ ಕ್ಲಾಸು. ಸೇರಿದ ಹೊಸದರಲ್ಲೇ ಕಾಲೇಜಿನಿಂದ ಒಂದು ಆನ್‌ಲೈನ್ ಟ್ರೈನಿಂಗ್ ಬಂತು: ಲಿಂಗ ತಾರತಮ್ಯ, ಲೈಂಗಿಕ ಕಿರುಕುಳ, ದೂರು ಕೊಡುವುದು ಹೇಗೆ, ಯಾರಿಗೆ. ನಾನು ನಮ್ಮ ಆಫೀಸಿನ ಕಾಂಪ್ಲಯನ್ಸ್ ಟ್ರೈನಿಂಗ್ ಮುಗಿಸುವ ಹಾಗೆ, 'ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸು ಮಾರಾಯ್ತಿ' ಅಂದೆ. ಅವಳು ಒತ್ತಲಿಲ್ಲ. ಒಂದೊಂದು ಸ್ಲೈಡೂ ಓದಿದಳು. ಮುಗಿಸಿ, 'ನಮ್ಮ ಕಾಲೇಜಲ್ಲಿ ಯಾರಾದ್ರೂ ಇದನ್ನ ಒಂದ್ಸಲ ಹೇಳಿದ್ರೆ ಸಾಕಿತ್ತು' ಅಂದಳು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ ಅನ್ನೋದು ಸರಿ, ಯಾಕಂದ್ರೆ ನನಗೂ ನನ್ನ ಬಿಇ ಕಾಲೇಜು ನೆನಪಾಗಿತ್ತು. ಅದನ್ನ ಆಮೇಲೆ ಹೇಳ್ತೀನಿ.

ಆ ಟ್ರೈನಿಂಗಿನ ತುಂಬಾ ಒಂದೇ ಹೆಸರು: ಟೈಟಲ್ ನೈನ್. ಇದು ಎಲ್ಲಿಂದ ಬಂತು ಅಂತ ಹುಡುಕಲು ಹೋದವನಿಗೆ ಸಿಕ್ಕಿದ್ದು ಬರ್ನೀಸ್ ಸ್ಯಾಂಡ್ಲರ್ ಎಂಬ ಹೆಣ್ಣುಮಗಳ ಕಥೆ.

1969. ಆಕೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಮುಗಿಸಿ ಅಲ್ಲೇ ಪಾರ್ಟ್‌ಟೈಮ್ ಪಾಠ ಮಾಡ್ತಿದ್ದರು. ಡಿಪಾರ್ಟ್‌ಮೆಂಟಿನಲ್ಲಿ ಏಳು ಹುದ್ದೆ ಖಾಲಿ ಇತ್ತು, ಒಂದಕ್ಕೂ ಇವರ ಹೆಸರನ್ನು ಪರಿಗಣಿಸಲೇ ಇಲ್ಲ. ಯಾಕೆ ಅಂತ ಕೇಳಿದರೆ, ಹೆಂಗಸಾಗಿ ನೀವು ಸ್ವಲ್ಪ ಜಾಸ್ತಿ ಜೋರು ಅನ್ನುವ ಅರ್ಥದ ಉತ್ತರ ಬಂತು. ಮನೆಗೆ ಬಂದು ಅತ್ತರಂತೆ. ಗಂಡ ಕೇಳಿದ್ದು ಸರಳ ಪ್ರಶ್ನೆ: ನಿಮ್ಮ ಡಿಪಾರ್ಟ್‌ಮೆಂಟಿನ ಗಂಡಸರಲ್ಲಿ ಜೋರಿನವರು ಯಾರೂ ಇಲ್ವಾ? ಎಲ್ಲರೂ ಜೋರೇ. ಹಾಗಿದ್ರೆ ಇದು ನಿನ್ನ ಸ್ವಭಾವದ ಮಾತಲ್ಲ, ಲಿಂಗ ತಾರತಮ್ಯ ಅಂದರು. ಆಮೇಲೆ ಇನ್ನೆರಡು ಕಡೆ ಕೆಲಸ ಕೇಳಿದರು. ಒಂದು ಕಡೆ, ಮಕ್ಕಳಿಗೆ ಹುಷಾರಿಲ್ಲ ಅಂದ್ರೆ ಹೆಂಗಸರು ರಜಾ ಹಾಕ್ತಾರೆ ಅಂತ ಕೊರೆದರು. ಇನ್ನೊಂದು ಕಡೆ, ನೀವು ಓದೋಕೆ ವಾಪಸ್ ಹೋದ ಗೃಹಿಣಿ ಅಷ್ಟೆ ಅಂದರು.

ಸ್ಯಾಂಡ್ಲರ್ ಲೈಬ್ರರಿ ಹೊಕ್ಕರು. ಆಗಿನ ಕಾನೂನುಗಳ ಸ್ಥಿತಿ ನೋಡಿ. 1964ರ ನಾಗರಿಕ ಹಕ್ಕು ಕಾಯ್ದೆಯ ಆರನೇ ಭಾಗ ಸರ್ಕಾರದ ದುಡ್ಡು ಪಡೆಯುವ ಸಂಸ್ಥೆಗಳಲ್ಲಿ ವರ್ಣಭೇದ ಮಾಡುವಂತಿಲ್ಲ ಅನ್ನುತ್ತೆ, ಅದರಲ್ಲಿ ಲಿಂಗದ ಮಾತಿಲ್ಲ. ಏಳನೇ ಭಾಗದಲ್ಲಿ ಲಿಂಗದ ಮಾತಿದೆ, ಆದರೆ ಶಿಕ್ಷಣ ಸಂಸ್ಥೆಯ ಬೋಧಕರಿಗೆ ಅದು ಅನ್ವಯಿಸಲ್ಲ. ಸಮಾನ ವೇತನದ ಕಾಯ್ದೆ ಇದೆ, ವೃತ್ತಿಪರರು ಅದರಿಂದ ಹೊರಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಮೂರು ಇಫ್ ಕಂಡೀಷನ್ನು, ಮೂರರಲ್ಲೂ ಹೆಂಗಸು ಎಲ್ಸ್‌ಗೆ ಬಿದ್ದಿದ್ದಾಳೆ.

ಆಗ ಒಂದು ಸರ್ಕಾರಿ ವರದಿಯ ಅಡಿಟಿಪ್ಪಣಿ ಕಣ್ಣಿಗೆ ಬಿತ್ತು. ಫೆಡರಲ್ ಸರ್ಕಾರದ ಗುತ್ತಿಗೆ ಪಡೆದವರು ತಾರತಮ್ಯ ಮಾಡಬಾರದು ಅನ್ನುವ ಅಧ್ಯಕ್ಷರ ಆದೇಶವೊಂದಿತ್ತು. ಅಧ್ಯಕ್ಷ ಜಾನ್ಸನ್ ಅದಕ್ಕೆ 1967ರಲ್ಲಿ ಲಿಂಗವನ್ನೂ ಸೇರಿಸಿದ್ದರು. ಅಡಿಟಿಪ್ಪಣಿಯಲ್ಲಿದ್ದದ್ದು ಇಷ್ಟೇ. ಒಬ್ಬರೇ ಕೂತು ಓದುತ್ತಿದ್ದ ಸ್ಯಾಂಡ್ಲರ್ ಕಿರುಚಿಯೇ ಬಿಟ್ಟರಂತೆ. ಯಾಕಂದ್ರೆ ವಿಶ್ವವಿದ್ಯಾಲಯಗಳಿಗೆ ಸಂಶೋಧನೆ ಹೆಸರಲ್ಲಿ ಫೆಡರಲ್ ಗುತ್ತಿಗೆ ರಾಶಿ ರಾಶಿ ಇತ್ತು. ಅಂದ್ರೆ ಈ ಆದೇಶ ಅವಕ್ಕೂ ಅನ್ವಯ, ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ ಅಷ್ಟೆ. ಯಾವುದೋ ಲೈಬ್ರರಿಯ ರಿಲೀಸ್ ನೋಟ್ಸ್ ಓದಿ ಆರು ತಿಂಗಳಿಂದ ಕಾಡುತ್ತಿದ್ದ ಬಗ್‌ಗೆ ದಾರಿ ಕಂಡುಕೊಂಡವರಿಗೆ ಆ ಕಿರುಚಾಟ ಅರ್ಥವಾಗುತ್ತೆ.

1970ರ ಜನವರಿ 31ರಂದು ವೀಲ್ ಎಂಬ ಮಹಿಳಾ ಸಂಘಟನೆಯ ಹೆಸರಲ್ಲಿ ದೇಶದ ಎಲ್ಲ ಕಾಲೇಜು, ವಿಶ್ವವಿದ್ಯಾಲಯಗಳ ಮೇಲೆ ದೂರು ದಾಖಲಾಯಿತು. ಆಮೇಲೆ ಒಂದೊಂದೇ ಸಂಸ್ಥೆಯ ಮೇಲೆ ಸ್ಯಾಂಡ್ಲರ್ ಕೊಟ್ಟ ದೂರುಗಳು ಇನ್ನೂರೈವತ್ತರ ಹತ್ತಿರ. ಅದೇ ವರ್ಷ ಬೇಸಿಗೆಯಲ್ಲಿ ಒರೆಗಾನಿನ ಸಂಸದೆ ಈಡಿತ್ ಗ್ರೀನ್ ಏಳು ದಿನ ವಿಚಾರಣೆ ನಡೆಸಿದರು. ಸಾಕ್ಷ್ಯಗಳೇ ಸಾವಿರದ ಇನ್ನೂರು ಪುಟ ದಾಟಿದವು. ಹವಾಯಿಯ ಪ್ಯಾಟ್ಸಿ ಮಿಂಕ್ ಜೊತೆಗೆ ನಿಂತರು. ಅವರು ಮೊದಲು ಡಾಕ್ಟರಾಗಬೇಕು ಅಂತಿದ್ದವರು, ಮೆಡಿಕಲ್ ಕಾಲೇಜುಗಳು ಬಾಗಿಲು ಹಾಕಿದ್ದಕ್ಕೆ ವಕೀಲಿಕೆಗೆ ಹೋದವರು. ಸೆನೆಟ್ಟಿನಲ್ಲಿ ಬರ್ಚ್ ಬೈ ಮಂಡಿಸಿದರು. ಇಲ್ಲಿ ಗ್ರೀನ್ ಅವರ ಒಂದು ಚಾಣಾಕ್ಷತನ ನನಗೆ ಬಹಳ ಇಷ್ಟ. ಬೆಂಬಲಕ್ಕೆ ಬಂದ ಮಹಿಳಾ ಸಂಘಗಳಿಗೆ, ದಯವಿಟ್ಟು ಲಾಬಿ ಮಾಡಬೇಡಿ ಅಂದರು. ಗಲಾಟೆ ಮಾಡಿದರೆ ಒಳಗೆ ಏನಿದೆ ಅಂತ ಜನ ಓದಿಬಿಡ್ತಾರೆ! 1972ರ ಜೂನ್ 23ರಂದು ನಿಕ್ಸನ್ ಸಹಿ ಬಿತ್ತು. ಕಾನೂನಿನ ತಿರುಳು ಇಂಗ್ಲಿಷಿನಲ್ಲಿ ಮೂವತ್ತೇಳೇ ಪದ. ಫೆಡರಲ್ ನೆರವು ಪಡೆಯುವ ಯಾವ ಶಿಕ್ಷಣ ಕಾರ್ಯಕ್ರಮದಲ್ಲೂ ಲಿಂಗದ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ, ಸೌಲಭ್ಯ ತಪ್ಪಿಸುವಂತಿಲ್ಲ, ತಾರತಮ್ಯಕ್ಕೆ ಒಳಪಡಿಸುವಂತಿಲ್ಲ ಅನ್ನೋದು ಅದರ ಸಾರ.

ಅದರಲ್ಲಿ 'ಕಿರುಕುಳ' ಅನ್ನೋ ಪದ ಎಲ್ಲೂ ಇಲ್ಲ ಅನ್ನೋದನ್ನ ಗಮನಿಸಿ. ಬಹಳ ಜನ ಇದನ್ನ ಆಟೋಟದ ಕಾನೂನು ಅಂದುಕೊಂಡಿದ್ದರು, ಈಗಲೂ ಅಮೆರಿಕದಲ್ಲಿ ಕೆಲವರಿಗೆ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಅಂದ್ರೇನೇ ಟೈಟಲ್ ನೈನ್. 1975ರ ನಿಯಮಗಳು ಒಂದು ಕೆಲಸ ಮಾಡಿದವು: ಪ್ರತಿ ಸಂಸ್ಥೆಯೂ ಒಬ್ಬ ಸಂಯೋಜಕರನ್ನು ನೇಮಿಸಬೇಕು, ದೂರು ಕೇಳುವ ಒಂದು ಕ್ರಮ ಇರಬೇಕು ಅಂದವು. ಕ್ರಮವನ್ನೇ ಇಟ್ಟುಕೊಳ್ಳದ ದೊಡ್ಡ ಕಡೆಯೊಂದನ್ನು ಕೋರ್ಟಿಗೆ ಎಳೆದದ್ದು 1977ರಲ್ಲಿ, ಯೇಲ್ ವಿಶ್ವವಿದ್ಯಾಲಯದ ಹೆಣ್ಣುಮಕ್ಕಳು. ಕಾನೂನಿನ ತರ್ಕ ಹೆಣೆಯಲು ನೆರವಾದವರು ಕ್ಯಾಥರೀನ್ ಮೆಕಿನ್ನನ್. ಮೇಷ್ಟ್ರು ಮಾರ್ಕ್ಸಿಗೆ ಬದಲಾಗಿ ಮೈ ಕೇಳಿದರೆ ಅದು ಅವನ ಖಾಸಗಿ ಚಪಲ ಅಲ್ಲ, ಶಿಕ್ಷಣದಲ್ಲಿ ನಡೆಯುವ ಲಿಂಗ ತಾರತಮ್ಯ ಅನ್ನೋದು ಅವರ ವಾದ. ತತ್ವವಾಗಿ ಕೋರ್ಟು ಒಪ್ಪಿತು. ವಿಚಾರಣೆವರೆಗೆ ಹೋದದ್ದು ಪಮೇಲಾ ಪ್ರೈಸ್ ಒಬ್ಬರ ಪ್ರಕರಣ ಮಾತ್ರ. ಅವರು ಸೋತರು, ನ್ಯಾಯಾಧೀಶರು ಆಕೆ ಹೇಳಿದ ಘಟನೆಯನ್ನು ನಂಬಲಿಲ್ಲ. 1980ರಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ಒಬ್ಬರೂ ಗೆಲ್ಲಲಿಲ್ಲ, ಆದರೆ ಯೇಲ್‌ನಲ್ಲಿ ದೂರು ವ್ಯವಸ್ಥೆ ಬಂತು, ಬೇರೆ ಕಾಲೇಜುಗಳೂ ಹಿಂದೆಯೇ ಮಾಡಿಕೊಂಡವು. ಕೇಸು ಸೋತು ಕಾನೂನು ಗೆದ್ದದ್ದು ಅಂದ್ರೆ ಇದೇ.

ಯೇಲ್, ಹಾರ್ವರ್ಡ್ ಕಥೆ ಎಲ್ಲರೂ ಬರೀತಾರೆ. ನನಗೆ ಕುತೂಹಲ ಇದ್ದದ್ದು ಹೆಂಡತಿ ಹೋಗುತ್ತಿದ್ದಂಥ ಜಾಗದ ಮೇಲೆ. ಕಮ್ಯುನಿಟಿ ಕಾಲೇಜು ಅಂದ್ರೆ ನಮ್ಮ ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಅಮೆರಿಕದ ನೆಂಟ. ಮೊದಲನೆಯದು 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಆರು ವಿದ್ಯಾರ್ಥಿಗಳಿಂದ ಶುರುವಾಯಿತು, ಈಗ ಸಾವಿರಕ್ಕೂ ಹೆಚ್ಚಿವೆ. ಎರಡು ವರ್ಷದ ಓದು, ಕಮ್ಮಿ ಫೀಸು, ಬಂದವರಿಗೆಲ್ಲ ಸೀಟು. ಓದುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಹಗಲು ಕೆಲಸ, ರಾತ್ರಿ ಕ್ಲಾಸು, ಮಧ್ಯೆ ಮಗು. ಹೆಚ್ಚಿನ ಕಡೆ ಹಾಸ್ಟೆಲ್ ಇಲ್ಲ. ಪಾಠ ಮಾಡುವವರೂ ಬಹಳ ಜನ ಪಾರ್ಟ್‌ಟೈಮ್, ಕೂರೋಕೆ ರೂಮಿರಲ್ಲ, ಕ್ಲಾಸು ಮುಗಿದ ಮೇಲೆ ಕಾರಿಡಾರು, ಪಾರ್ಕಿಂಗ್ ಲಾಟೇ ಅವರ ಸ್ಟಾಫ್ ರೂಮು. ಇಂಥ ಕಡೆ ಏನಾದ್ರೂ ಆದರೆ ಹುಡುಗಿ ಗಲಾಟೆ ಮಾಡಲ್ಲ, ಮುಂದಿನ ವಾರ ಬರೋದು ಬಿಡ್ತಾಳೆ. ಬರೋದು ಬಿಡುವವರು ಅಲ್ಲಿ ಹೇಗೂ ಜಾಸ್ತಿ, ಹಾಗಾಗಿ ಯಾರಿಗೂ ಗೊತ್ತಾಗಲ್ಲ.

ಎರಡು ಪ್ರಕರಣ ಹೇಳ್ತೀನಿ. ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ವ್ಯಾಲಿ ಕಾಲೇಜು, 1992. ಡೀನ್ ಕೊಹೆನ್ ಎಂಬ ಇಂಗ್ಲಿಷ್ ಮೇಷ್ಟ್ರು (ಡೀನ್ ಅನ್ನೋದು ಹೆಸರು, ಹುದ್ದೆ ಅಲ್ಲ) ತಳಪಾಯದ ಇಂಗ್ಲಿಷ್ ಕ್ಲಾಸಿನಲ್ಲಿ ಅಶ್ಲೀಲ ಪತ್ರಿಕೆಗಳ ಬರಹ ಓದಿ, ಅಶ್ಲೀಲತೆಯ ವ್ಯಾಖ್ಯಾನ ಮಾಡಿ ಅಂತ ಪ್ರಬಂಧ ಬರೆಸುತ್ತಿದ್ದರು. ಬೇಕಂತಲೇ ಕೆಣಕಿ ವಾದಕ್ಕೆ ಎಳೆಯುವುದು ಅವರ ಹಳೇ ಶೈಲಿ. ಒಬ್ಬ ವಿದ್ಯಾರ್ಥಿನಿ ಬೇರೆ ವಿಷಯ ಕೊಡಿ ಅಂದಳು, ಕೊಡಲಿಲ್ಲ. ಅವಳು ಕ್ಲಾಸು ಬಿಟ್ಟಳು, ಫೇಲಾದಳು, ದೂರು ಕೊಟ್ಟಳು. ಕಾಲೇಜು ತನ್ನ ಕಿರುಕುಳ ನೀತಿಯ ಪ್ರಕಾರ ಅವರು ತಪ್ಪಿತಸ್ಥ ಅಂದಿತು, ತರಬೇತಿಗೆ ಹೋಗು ಅಂದಿತು. 1996ರಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ನೀತಿ ಅಸ್ಪಷ್ಟವಾಗಿದೆ, ಇಷ್ಟು ವರ್ಷ ಮಾಡಿಕೊಂಡು ಬಂದ ಪಾಠದ ರೀತಿ ಅದರಡಿ ತಪ್ಪು ಅಂತ ಅವರಿಗೆ ಗೊತ್ತಾಗುವ ದಾರಿ ಇರಲಿಲ್ಲ ಅಂದಿತು. ಓದಿದಾಗ ನನಗೆ ಆ ಹುಡುಗಿ ಮೇಲೂ ಮರುಕ, ತೀರ್ಪು ಸರಿ ಅಂತಲೂ ಅನ್ನಿಸಿತು. ಸ್ಪೆಕ್ ಸರಿಯಾಗಿ ಬರೆಯದೆ ಕೋಡ್ ತಪ್ಪು ಅಂದ್ರೆ ಹೇಗೆ? ಆದರೆ ಸ್ಪೆಕ್ ಬರೆಯದಿದ್ದ ತಪ್ಪಿಗೆ ಸೆಮಿಸ್ಟರ್ ಕಳಕೊಂಡದ್ದು ಅವಳು.

ಎರಡನೆಯದು ನ್ಯೂಯಾರ್ಕಿನ ಬರೋ ಆಫ್ ಮ್ಯಾನ್‌ಹಟನ್ ಕಮ್ಯುನಿಟಿ ಕಾಲೇಜಿನದು. ಚೆನ್ನಾಗಿ ಓದುತ್ತಿದ್ದ ಒಬ್ಬ ಹುಡುಗಿ ಗರ್ಭಿಣಿ. ಆ ಕಾರಣಕ್ಕೆ ತಪ್ಪಿಸಿಕೊಂಡ ಟೆಸ್ಟು, ಅಸೈನ್‌ಮೆಂಟು ಮತ್ತೆ ಕೊಡಲ್ಲ ಅಂತ ಪ್ರೊಫೆಸರ್ ಹೇಳಿದರು. ಕೋರ್ಸು ಬಿಡಬೇಕಾಯ್ತು, ಜೊತೆಗೆ ಸ್ಕಾಲರ್‌ಶಿಪ್ಪೂ ಹೋಯಿತು. ಆ ಕೋರ್ಸಿನ ವಿಷಯ ಏನು ಗೊತ್ತಾ? ಬದಲಾಗುತ್ತಿರುವ ಜಗತ್ತಿನಲ್ಲಿ ಮಹಿಳೆಯರ ಪಾತ್ರ! 1975ರ ನಿಯಮದಲ್ಲೇ ಗರ್ಭಿಣಿ ವಿದ್ಯಾರ್ಥಿಗೆ ಡಾಕ್ಟರು ಹೇಳಿದಷ್ಟು ರಜೆ ಕೊಟ್ಟು ವಾಪಸ್ ತಗೋಬೇಕು ಅಂತಿದೆ. 2013ರಲ್ಲಿ ದೂರು ಹೋದ ಮೇಲೆ ಒಪ್ಪಂದ ಆಯಿತು. ನ್ಯೂಯಾರ್ಕ್ ನಗರದ ಇಡೀ ವಿಶ್ವವಿದ್ಯಾಲಯ ವ್ಯವಸ್ಥೆಯೇ ಗರ್ಭಿಣಿ ವಿದ್ಯಾರ್ಥಿಗಳ ನೀತಿ ರೂಪಿಸಬೇಕಾಯ್ತು. ಮೂವತ್ತೆಂಟು ವರ್ಷ ಪುಸ್ತಕದಲ್ಲಿದ್ದ ನಿಯಮ ಒಬ್ಬಳು ಬಾಯಿ ಬಿಟ್ಟಾಗ ಎದ್ದು ಕೂತಿತು.

ಈ ನಡುವೆ ಸುಪ್ರೀಂ ಕೋರ್ಟಿನ ತೀರ್ಪುಗಳು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡವು. 1992ರಲ್ಲಿ, ಸಂಸ್ಥೆಯಿಂದ ಪರಿಹಾರದ ಹಣ ಕೇಳಬಹುದು ಅಂದಿತು. 1998ರ ಗೆಬ್ಸರ್ ತೀರ್ಪಿನಲ್ಲಿ, ಕ್ರಮ ಕೈಗೊಳ್ಳುವ ಅಧಿಕಾರ ಇದ್ದವರಿಗೆ ನಿಜವಾಗಿ ಗೊತ್ತಿದ್ದೂ ಬೇಕಂತಲೇ ಕಣ್ಣುಮುಚ್ಚಿ ಕೂತಿದ್ದರೆ ಮಾತ್ರ ಅಂದಿತು. ಅಂದ್ರೆ ಹೇಳದಿದ್ದವಳಿಗೆ ಏನೂ ಇಲ್ಲ, ಹೇಳಬೇಕಾದವರಿಗೇ ಹೇಳಿರಬೇಕು. ಮರುವರ್ಷ ಐದು-ನಾಲ್ಕರ ತೀರ್ಪಿನಲ್ಲಿ ಸಹಪಾಠಿಗಳ ಕಿರುಕುಳವನ್ನೂ ಸೇರಿಸಿತು. ಆಮೇಲಿನದು ಹಾವು ಏಣಿ ಆಟ. 2011ರಲ್ಲಿ ಒಬಾಮ ಸರ್ಕಾರದ ಪತ್ರ ಕಾಲೇಜುಗಳನ್ನು ಬಿಗಿ ಮಾಡಿತು, 2017ರಲ್ಲಿ ಅದು ವಾಪಸ್. 2020ರ ನಿಯಮದ ಪ್ರಕಾರ ಕಾಲೇಜಿನಲ್ಲಿ ನೇರ ವಿಚಾರಣೆ, ಪಾಟೀಸವಾಲು ಆಗಬೇಕು. 2024ರಲ್ಲಿ ಅದನ್ನು ಬದಲಿಸಿದರು, 2025ರ ಜನವರಿಯಲ್ಲಿ ಕೋರ್ಟು ಹೊಸದನ್ನು ರದ್ದು ಮಾಡಿ ಹಳೆಯದೇ ಉಳಿಯಿತು. ಆರೋಪ ಹೊತ್ತವನಿಗೂ ಪ್ರಶ್ನೆ ಕೇಳುವ ಹಕ್ಕು ಬೇಕು, ಅದು ನ್ಯಾಯವೇ. ಆದರೆ ತನಿಖೆಗೆ ಒಬ್ಬರು, ತೀರ್ಪಿಗೆ ಇನ್ನೊಬ್ಬರು, ಸಲಹೆಗಾರರಿಲ್ಲದವರಿಗೆ ಕಾಲೇಜೇ ಕೊಡಬೇಕಾದ ಸಲಹೆಗಾರರು ಅಂದ್ರೆ ಕೋಟಿಗಟ್ಟಲೆ ಡಾಲರ್ ನಿಧಿ ಇರುವ ಯೇಲ್‌ಗೆ ಒಂದು ಲೆಕ್ಕ, ಊರ ತೆರಿಗೆಯಲ್ಲಿ ನಡೆಯುವ ಕಾಲೇಜಿಗೆ ಬೇರೆ ಲೆಕ್ಕ.

ಈಗ ನನ್ನ ಕಾಲೇಜಿನ ವಿಷಯ. ಐದನೇ ಸೆಮ್‌ನಲ್ಲಿ ನಮ್ಮ ಬ್ಯಾಚಿನಲ್ಲಿ ನಮ್ಮ ಕಡೆಯವಳೇ ಒಬ್ಬಳು ಹುಡುಗಿ ಇದ್ದಳು, ಹಳ್ಳಿಯಿಂದ ಬಸ್ಸಲ್ಲಿ ಬರುತ್ತಿದ್ದಳು. ಲ್ಯಾಬ್ ರೆಕಾರ್ಡಿಗೆ ಸೈನ್ ಹಾಕುವ ಮೇಷ್ಟ್ರು ಯಾವಾಗಲೂ ಅವಳನ್ನು ಕೊನೆಗೆ, ಎಲ್ಲರೂ ಹೋದ ಮೇಲೆ ಕರೆಯುತ್ತಿದ್ದ. ಹುಡುಗರು ನಾವೆಲ್ಲ ಹೊರಗೆ ನಿಂತು 'ಅವಳಿಗೇನ್ ಬಿಡ್ಲಾ, ಇಂಟರ್ನಲ್ಸು ಫುಲ್ಲು' ಅಂತ ನಗುತ್ತಿದ್ದೆವು. ನಾನೂ ನಕ್ಕಿದ್ದೀನಿ. ಸೆಮಿಸ್ಟರ್ ಮಧ್ಯೆ ಅವಳು ಬರೋದು ನಿಲ್ಲಿಸಿದಳು. ಮದುವೆ ಗೊತ್ತಾಯ್ತಂತೆ ಅಂದರು, ನಾವೂ ನಂಬಿದೆವು, ನಂಬೋದು ಸುಲಭ ಇತ್ತು.

ಆ ಹೊತ್ತಿಗೆ ವಿಶಾಖಾ ತೀರ್ಪು ಬಂದು ಹತ್ತು ವರ್ಷ ದಾಟಿತ್ತು. ರಾಜಸ್ಥಾನದ ಭಟೇರಿಯ ಭಂವರಿ ದೇವಿಗೆ 1992ರಲ್ಲಿ ಆದದ್ದರ ಹಿನ್ನೆಲೆಯಲ್ಲಿ 1997ರ ಆಗಸ್ಟ್ 13ರಂದು ನಮ್ಮ ಸುಪ್ರೀಂ ಕೋರ್ಟು, ಕೆಲಸದ ಜಾಗಗಳಲ್ಲಿ ಹೆಂಗಸೊಬ್ಬರ ನೇತೃತ್ವದ ದೂರು ಸಮಿತಿ ಇರಬೇಕು ಅಂತ ಹೇಳಿ ಆಗಿತ್ತು. ನಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ನಾನು ನೋಡಿದ್ದು ಫೀಸ್ ಡ್ಯೂ ಪಟ್ಟಿ, ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ. ಅವಳ ಹೆಸರು ಎರಡನೆಯದರಲ್ಲಿತ್ತು.

ಟ್ರೈನಿಂಗ್ ಮುಗಿಸಿದ ದಿನ ಹೆಂಡತಿ ಕಾಲೇಜಿನ ಟೈಟಲ್ ನೈನ್ ಸಂಯೋಜಕರ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಂಡಳು. ಏನೂ ಆಗಿಲ್ವಲ್ಲ, ಯಾಕೆ ಅಂದೆ. 'ಇರ್ಲಿ' ಅಂದಳು. ಆಮೇಲೆ ಆಫೀಸಿನ ವೇಳೆ ನೋಡಿ ನಕ್ಕಳು. ಐದಕ್ಕೆ ಬಾಗಿಲು ಹಾಕ್ತಾರೆ, ಅವಳ ಕ್ಲಾಸು ಶುರುವಾಗೋದು ಆರೂವರೆಗೆ. ಆವತ್ತಿನಿಂದ ಕ್ಲಾಸು ಬಿಡುವ ಹೊತ್ತಿಗೆ ನಾನು ಪಾರ್ಕಿಂಗ್ ಲಾಟಿನಲ್ಲಿ ಕಾರು ನಿಲ್ಲಿಸಿಕೊಂಡು ಕೂರುತ್ತಿದ್ದೆ. ಹಾಗೆ ಕೂತವರು ಅಲ್ಲಿ ಇನ್ನೂ ನಾಲ್ಕೈದು ಜನ ಇರುತ್ತಿದ್ದರು.