ಉಸುಕು ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ? ಮಲಪ್ರಭೆಯ ದಂಡೆಯಲ್ಲಿ ಹಿಮಯುಗದ ಕಾಲಗಣನೆ

ಬಾದಾಮಿ ತಾಲ್ಲೂಕಿನ ಖ್ಯಾಡದ ಹತ್ತಿರ ಮಲಪ್ರಭೆ ದಂಡೆ ಕೊರೆದ ಕಡೆ ಮಣ್ಣಿನ ಪದರುಗಳು ಎದ್ದು ಕಾಣುತ್ತವೆ. ತಳದಲ್ಲಿ ಸುಣ್ಣ ಹಿಡಿದು ಗಟ್ಟಿಯಾದ ಜಲ್ಲಿ, ಅದರ ಮೇಲೆ ನುಣ್ಣನೆಯ ಕಂದು ಮೆಕ್ಕಲು, ಮೇಲುಗಡೆ ಕಪ್ಪು ಎರೆಮಣ್ಣು. ಜಲ್ಲಿಯಲ್ಲಿ ಹಳೆ ಶಿಲಾಯುಗದ ಕೈಕೊಡಲಿಗಳು ಸಿಕ್ಕಿವೆ. ಯಾವ ಪದರು ಮೊದಲಿನದು, ಯಾವುದು ಆಮೇಲಿನದು ಎಂಬುದು ನೋಡಿದವರಿಗೆಲ್ಲ ತಿಳಿಯುತ್ತದೆ. ಎಷ್ಟು ವರ್ಷದ್ದು ಎಂಬುದು ಮಾತ್ರ ಬಹುಕಾಲ ಊಹೆಯಾಗಿಯೇ ಉಳಿಯಿತು.

1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಮೊದಲ ಕಲ್ಲಾಯುಧ ಕಂಡ ರಾಬರ್ಟ್ ಬ್ರೂಸ್ ಫೂಟ್, ಮುಂದೆ ದಕ್ಷಿಣ ಮರಾಠಾ ಸೀಮೆಯ ಬಂಡೆ-ಮಣ್ಣುಗಳನ್ನು ಸರ್ವೇಕ್ಷಣೆ ಮಾಡಿ 1876ರಲ್ಲಿ ವರದಿ ಪ್ರಕಟಿಸಿದ. ಆಗ ಈ ನಾಡೂ ಆ ಸೀಮೆಯಲ್ಲಿ ಸೇರಿತ್ತು. ಮಲಪ್ರಭೆಯ ದಂಡೆಯನ್ನು ಪದರು ಪದರಾಗಿ ಓದಿದವರು ಪುಣೆಯ ಡೆಕ್ಕನ್ ಕಾಲೇಜಿನ ಆರ್.ವಿ. ಜೋಶಿ, ಅವರ ಗ್ರಂಥ ಬಂದದ್ದು 1955ರಲ್ಲಿ. ಘಟಪ್ರಭೆಯ ಅನಗವಾಡಿಯನ್ನು ಅದೇ ಸಂಸ್ಥೆಯ ಆರ್.ಎಸ್. ಪಪ್ಪು ಅಗೆದರು.

ಅವರ ಕೈಯಲ್ಲಿದ್ದ ಚೌಕಟ್ಟು ಹೊರಗಿನಿಂದ ಬಂದದ್ದು. ಆಲ್ಪ್ಸ್ ಪರ್ವತಗಳಲ್ಲಿ ನಾಲ್ಕು ಹಿಮಯುಗ ಎಂದು ಪೆಂಕ್ ಮತ್ತು ಬ್ರೂಕ್ನರ್ 1909ರ ಹೊತ್ತಿಗೆ ಎಣಿಸಿದ್ದರು. ಹಿಮವಿಲ್ಲದ ನಾಡಿನಲ್ಲಿ ಅದಕ್ಕೆ ಸಮನಾಗಿ ಮಳೆಯ ಕಾಲ, ಒಣ ಕಾಲ ಇರಬೇಕೆಂದು ಲೆಕ್ಕ ಹಾಕಲಾಯಿತು. ಬರ್ಕಿಟ್ ಮತ್ತು ಕಮ್ಮಿಯಾಡ್ 1930ರಲ್ಲಿ ಪೂರ್ವ ಕರಾವಳಿಯ ಕಡೆ, ಡಿ ಟೆರ್ರಾ ಮತ್ತು ಪ್ಯಾಟರ್ಸನ್ 1939ರಲ್ಲಿ ಕಾಶ್ಮೀರದಿಂದ ನರ್ಮದೆಯವರೆಗೆ ಇದೇ ಜಾಡು ಹಿಡಿದರು. ಜಲ್ಲಿ ಕಂಡರೆ ಮಳೆ, ಮೆಕ್ಕಲು ಕಂಡರೆ ಬರ ಎಂಬ ಓದು ಚಾಲ್ತಿಗೆ ಬಂತು. ಇಷ್ಟು ಸರಳ ಸೂತ್ರ ಮಲಪ್ರಭೆಗೆ ಒಗ್ಗುವುದು ಕಷ್ಟ. ಹೊಳೆ ಹುಟ್ಟುವುದು ಸಹ್ಯಾದ್ರಿಯ ಕಣಕುಂಬಿಯಲ್ಲಿ, ಕೃಷ್ಣೆಗೆ ಸೇರುವುದು ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ. ಖ್ಯಾಡಕ್ಕೆ ಜಲ್ಲಿ ಉರುಳಿಸಿ ತಂದ ಮಹಾಪೂರ ಕಣಕುಂಬಿಯ ಮಳೆಯದ್ದಿರಬಹುದು. ಬಾದಾಮಿಯಲ್ಲಿ ಆ ವರ್ಷ ಹನಿಯೂ ಬಿದ್ದಿರಲಿಕ್ಕಿಲ್ಲ.

ಅಂಕಿ ಸಿಗಲು ಬೇರೆ ದಾರಿ ಬೇಕಿತ್ತು. ಖನಿಜದ ಹರಳಿನೊಳಗೆ ವಿಕಿರಣದಿಂದ ಸಿಕ್ಕಿಬಿದ್ದ ಎಲೆಕ್ಟ್ರಾನುಗಳು ಬಿಸಿ ಮಾಡಿದಾಗ ಬಿಡುಗಡೆಯಾಗಿ ಬೆಳಕು ಸೂಸುತ್ತವೆ. ಇದನ್ನು ಕಾಲಗಣನೆಗೆ ಬಳಸಬಹುದೆಂದು ಡೇನಿಯಲ್ಸ್ ಮತ್ತು ಸಂಗಡಿಗರು 1953ರಲ್ಲಿ ಸೂಚಿಸಿದರು. ಮೊದಲು ಗಡಿಗೆ-ಮಡಕೆಗೆ ಬಳಕೆಯಾಯಿತು, ಏಕೆಂದರೆ ಆವಿಗೆಯ ಬೆಂಕಿ ಹಳೆಯ ಲೆಕ್ಕವನ್ನು ಅಳಿಸಿಬಿಡುತ್ತದೆ. ಉಸುಕಿಗೆ ಆ ಕೆಲಸ ಮಾಡುವುದು ಬಿಸಿಲು. ಹೂತುಹೋದ ದಿನದಿಂದ ಸುತ್ತಲಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂಗಳ ವಿಕಿರಣ ಕಣದೊಳಗೆ ಜಮೆಯಾಗುತ್ತ ಹೋಗುತ್ತದೆ. ಒಟ್ಟು ಜಮೆಯನ್ನು ವರ್ಷದ ಜಮೆಯಿಂದ ಭಾಗಿಸಿದರೆ ವಯಸ್ಸು ಬಂತು. ಬಿಸಿಯ ಬದಲು ಬೆಳಕನ್ನೇ ಹಾಯಿಸಿ ಆ ಜಮೆಯನ್ನು ಓದುವ ವಿಧಾನವನ್ನು ಹಂಟ್ಲಿ ಮತ್ತು ಸಂಗಡಿಗರು 1985ರಲ್ಲಿ ತೋರಿಸಿಕೊಟ್ಟರು.

ಇದಕ್ಕೆ ಹೇಳಿ ಮಾಡಿಸಿದ್ದು ಗಾಳಿಯ ಉಸುಕು. ಕಣದಲ್ಲಿ ಜೋಳ ತೂರಿದವರಿಗೆ ಗೊತ್ತು: ಕಾಳು ಹತ್ತಿರ ಬೀಳುತ್ತದೆ, ಹೊಟ್ಟು ದೂರ ಹೋಗುತ್ತದೆ. ನಿಸರ್ಗದ ಗಾಳಿಯೂ ಹಾಗೆಯೇ ಹರಳನ್ನು ಬಿಟ್ಟು, ಉಸುಕನ್ನು ಕುಪ್ಪಳಿಸಿ, ಧೂಳನ್ನು ಸೀಮೆ ದಾಟಿಸುತ್ತದೆ. ಹಾರುವಾಗ ಪ್ರತಿ ಕಣಕ್ಕೂ ಬಿಸಿಲು ತಾಗುತ್ತದೆ. ಅಹಮದಾಬಾದಿನ ಭೌತಿಕ ಸಂಶೋಧನಾ ಪ್ರಯೋಗಾಲಯದ ಅಶೋಕ್ ಸಿಂಘ್ವಿ ಮತ್ತು ಸಂಗಡಿಗರು ಥಾರ್ ಮರುಭೂಮಿಯ ಮರಳುದಿಬ್ಬಗಳ ವಯಸ್ಸನ್ನು 1982ರಲ್ಲೇ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಮುಂದಿನ ವರ್ಷಗಳ ಕೆಲಸದಿಂದ ಅಚ್ಚರಿಯೊಂದು ಹೊರಬಿತ್ತು. ಸುಮಾರು 21,000 ವರ್ಷಗಳ ಹಿಂದೆ ಹಿಮ ಗರಿಷ್ಠವಾಗಿ, ನಾಡು ಒಣಗಿದ್ದಾಗ ದಿಬ್ಬಗಳು ಹೆಚ್ಚು ಬೆಳೆದಿರಬೇಕು ಎನ್ನಿಸುತ್ತದಲ್ಲವೆ? ಬೆಳೆದದ್ದು ಆಮೇಲೆ, ಮುಂಗಾರು ಮತ್ತೆ ಚಿಗುರುವಾಗ. ಥಾರಿನ ಉಸುಕನ್ನು ಎಬ್ಬಿಸುವುದು ಮುಂಗಾರಿನ ಗಾಳಿಯೇ. ಹಿಮಯುಗದಲ್ಲಿ ಅದರ ಉಸಿರು ಕುಗ್ಗಿತ್ತು. ಬರವೆಂದರೆ ದಿಬ್ಬ ಎಂಬ ಸಮೀಕರಣವೇ ನಿಲ್ಲದಿದ್ದ ಮೇಲೆ, ಜಲ್ಲಿಯೆಂದರೆ ಮಳೆ ಎಂಬುದನ್ನು ಅನುಮಾನಿಸದಿರಲು ಆಗುವುದಿಲ್ಲ.

ಗಾಳಿ ತಂದ ಪದರು ನಮ್ಮ ಸೀಮೆಗೆ ತೀರ ದೂರದ್ದೇನಲ್ಲ. ಸುಮಾತ್ರಾದ ಟೋಬಾ ಜ್ವಾಲಾಮುಖಿ ಸುಮಾರು 74,000 ವರ್ಷಗಳ ಹಿಂದೆ ಉಗುಳಿದ ಬೂದಿ ಆಂಧ್ರದ ಜ್ವಾಲಾಪುರಂನಲ್ಲಿ ಎರಡು ಮೀಟರಿಗೂ ಹೆಚ್ಚು ದಪ್ಪವಾಗಿ ಕೂಡಿದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಅವರೂ ಇದ್ದ ತಂಡ ಅದರ ಕೆಳಗಿನ, ಮೇಲಿನ ಮಣ್ಣನ್ನು ಬೆಳಕಿನ ವಿಧಾನದಲ್ಲಿ ಅಳೆದು 2007ರಲ್ಲಿ ಪ್ರಕಟಿಸಿತು: 77,000 ಮತ್ತು 74,000 ವರ್ಷ, ಕೆಲವು ಸಾವಿರ ಹೆಚ್ಚುಕಡಿಮೆ. ಬೂದಿಯ ಕೆಳಗೂ ಮೇಲೂ ಕಲ್ಲಾಯುಧಗಳಿದ್ದವು.

ಮಲಪ್ರಭೆಯ ಕಣಿವೆಯಲ್ಲಿ ಕೆಲಸ ಇಷ್ಟು ಸಲೀಸಲ್ಲ. ಪೂರದ ರಾಡಿಯಲ್ಲಿ ಉರುಳಿ ಬಂದ ಕಣಕ್ಕೆ ಬಿಸಿಲು ಅರೆಬರೆ ತಾಗಿರುತ್ತದೆ. ಹಳೆಯ ಜಮೆ ಉಳಿದು ವಯಸ್ಸು ಹೆಚ್ಚಾಗಿ ತೋರುತ್ತದೆ. ಎರೆಯದು ಇದಕ್ಕೆ ಉಲ್ಟಾ. ಬೇಸಿಗೆಯಲ್ಲಿ ಎರೆಹೊಲ ಕೈ ಇಳಿಯುವಷ್ಟು ಬಾಯಿ ಬಿಡುತ್ತದೆ. ನಿನ್ನೆ ಬಿಸಿಲುಂಡ ಕಣ ಆ ಬಿರುಕಿನಲ್ಲಿ ಆಳಕ್ಕೆ ಬಿದ್ದು, ಮಳೆಗೆ ಮಣ್ಣು ಉಬ್ಬಿದಾಗ ಅಲ್ಲೇ ಹೂತು, ತಳದ ಪದರಿನ ಪ್ರಾಯ ಇಳಿಸುತ್ತದೆ.

ಬಂಡೆಯೂ ಲೆಕ್ಕಕ್ಕೆ ಬರುತ್ತದೆ. ಬಾದಾಮಿಯ ಗುಹೆಗಳನ್ನು ಕೊರೆದ ಮರಳುಗಲ್ಲು ಬಹುಪಾಲು ಸ್ಫಟಿಕಶಿಲೆ, ಅಂದರೆ ಕ್ವಾರ್ಟ್ಜ್. ಇಳಕಲ್ ಗ್ರಾನೈಟಿನ ಕೆಂಪು ಪೊಟ್ಯಾಸಿಯಂ ತುಂಬಿದ ಫೆಲ್ಡ್‌ಸ್ಪಾರಿನದು. ಈ ಕಾಲಗಣನೆ ನಿಂತಿರುವುದೂ ಈ ಎರಡೇ ಖನಿಜಗಳ ಮೇಲೆ. ಉದಾಹರಣೆಗೆ, ಕಣದಲ್ಲಿ 40 ಗ್ರೇ (ವಿಕಿರಣದ ಜಮೆಯ ಅಳತೆ) ಜಮೆಯಿದೆ ಎನ್ನೋಣ. ಸುತ್ತಲಿನ ಮಣ್ಣು ಸಾವಿರ ವರ್ಷಕ್ಕೆ 2 ಗ್ರೇ ಕೊಟ್ಟರೆ ವಯಸ್ಸು 20,000; ಗ್ರಾನೈಟಿನ ಮಣ್ಣಾಗಿ 4 ಗ್ರೇ ಕೊಟ್ಟರೆ 10,000. ಕ್ವಾರ್ಟ್ಜ್ ಸಾಮಾನ್ಯವಾಗಿ ಒಂದು ಲಕ್ಷ ವರ್ಷದ ಆಚೀಚೆ ತುಂಬಿಹೋಗುತ್ತದೆ. ಫೆಲ್ಡ್‌ಸ್ಪಾರ್ ಇನ್ನೂ ಹಿಂದಕ್ಕೆ ಹೋಗಬಲ್ಲದು: ತಮಿಳುನಾಡಿನ ಅತ್ತಿರಂಪಾಕ್ಕಂನಲ್ಲಿ ಹಳೆ ಶಿಲಾಯುಗದ ಮಧ್ಯ ಹಂತದ ಆರಂಭಕ್ಕೆ ಸುಮಾರು 3,85,000 ವರ್ಷ ಎಂದು 2018ರಲ್ಲಿ ತಿಳಿದದ್ದು ಇದರಿಂದಲೇ.

ಇಂಥ ತೊಡಕುಗಳಿರುವುದರಿಂದ ದಂಡೆಯಲ್ಲಿ ಮಾದರಿ ತೆಗೆಯುವವರು ಎರೆಯ ಬಿರುಕು ಮುಟ್ಟದ ಆಳವನ್ನು ಹುಡುಕುತ್ತಾರೆ. ಉಕ್ಕಿನ ಕೊಳವೆಯನ್ನು ಅಡ್ಡಕ್ಕೆ ಬಡಿದು, ಹೊರಗೆಳೆದ ಕೂಡಲೇ ಎರಡೂ ಬಾಯಿಗೆ ಕಪ್ಪು ಪ್ಲಾಸ್ಟಿಕ್ ಸುತ್ತುತ್ತಾರೆ. ಮುಂದೆ ಅದು ತೆರೆಯುವುದು ಮಂದ ಕೆಂಪು ದೀಪದ ಕತ್ತಲೆಕೋಣೆಯಲ್ಲಿ. ತುದಿಗಳ ಒಂದೆರಡು ಅಂಗುಲ ಮಣ್ಣು ಬಿಸಿಲು ಕಂಡಿರುತ್ತದೆ. ಅದನ್ನೂ ಚೆಲ್ಲುವುದಿಲ್ಲ, ವರ್ಷದ ಜಮೆ ಎಷ್ಟೆಂದು ಅಳೆಯಲು ಬೇರೆ ಚೀಲದಲ್ಲಿ ಕಟ್ಟಿಡುತ್ತಾರೆ.