ಯುನಿಕ್ಸ್ ಅನುಮತಿಗಳಲ್ಲಿ ‘ಗುಂಪು’: ಎರಡು ಪಾಠಗಳ ಪರಿಶೀಲನೆ

ಮಾಲೀಕ, ಗುಂಪು, ಇತರರು ಎಂಬ ಮೂರು ಪಾಲಿನ ಅನುಮತಿ ಯುನಿಕ್ಸಿನ ಹುಟ್ಟಿನೊಡನೆಯೇ ಬಂತು ಎಂಬ ಮಾತು ಲಿನಕ್ಸ್ ಪಾಠಗಳಲ್ಲಿ ಕೈಯಿಂದ ಕೈಗೆ ದಾಟುತ್ತಿದೆ. ಆಧಾರವೆಂದು ತೋರಿಸುವುದು ಡೆನ್ನಿಸ್ ರಿಚಿ, ಕೆನ್ ಥಾಂಪ್ಸನ್ ಅವರ 1974ರ ಪ್ರಬಂಧವನ್ನು. ಅದನ್ನು ಬಿಡಿಸಿ ಓದಿದವರು ಹೀಗೆ ಬರೆಯಲಾರರು.

ಆ ಪ್ರಬಂಧಕ್ಕೆ ಎರಡು ಪಾಠಗಳಿವೆ. 1974ರ ಜುಲೈನಲ್ಲಿ ಎಸಿಎಂ ಪತ್ರಿಕೆಯಲ್ಲಿ ಅಚ್ಚಾದ ಪಾಠ ಪ್ರತಿ ಫೈಲಿಗೆ ಏಳು ರಕ್ಷಣಾ ಬಿಟ್‌ಗಳನ್ನು ಹೇಳುತ್ತದೆ: ಓದು, ಬರೆ, ಚಲಾಯಿಸು ಎಂಬ ಮೂರು ಮಾಲೀಕನಿಗೆ, ಅದೇ ಮೂರು ಉಳಿದೆಲ್ಲರಿಗೆ, ಏಳನೆಯದು ಸೆಟ್ ಯೂಸರ್ ಐಡಿ. ಗುಂಪಿನ ಸುಳಿವಿಲ್ಲ. 1978ರಲ್ಲಿ ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ಗಾಗಿ ಪರಿಷ್ಕರಿಸಿದ ಪಾಠದಲ್ಲಿ ಬಿಟ್‌ಗಳು ಹತ್ತಾಗಿವೆ. ಹೆಚ್ಚಿದ ಮೂರು ಗುಂಪಿನವು. ಎರಡನೆಯದನ್ನು ಓದಿ ಮೊದಲನೆಯದರ ಇಸವಿ ಹಾಕಿದ್ದೇ ಗೊಂದಲದ ಮೂಲ.

ಇದರಿಂದ ಗುಂಪು 1974ರ ನಂತರವೇ ಬಂತೆಂದು ನಾನು ವಾದಿಸುತ್ತಿಲ್ಲ. ಪ್ರಬಂಧ ಮೊದಲು ಮಂಡನೆಯಾದದ್ದು 1973ರ ಅಕ್ಟೋಬರ್‌ನಲ್ಲಿ. ಅಚ್ಚಿನ ವರ್ಷವನ್ನು ಯಂತ್ರದ ಸ್ಥಿತಿಯ ವರ್ಷವೆಂದು ಓದುವುದೂ ಅಷ್ಟೇ ತಪ್ಪು. ‘ಉಳಿದವರು’ ಎಂಬುದರೊಳಗೇ ಗುಂಪು ಅಡಗಿತ್ತು ಎನ್ನುವವರಿಗೆ ಉತ್ತರ ಇನ್ನೂ ಹಿಂದಿದೆ. 1971ರ ನವೆಂಬರ್ 3ರ ಮೊದಲ ಕೈಪಿಡಿಯಲ್ಲಿ ಅಷ್ಟಮಾನದ 1 ಮತ್ತು 2 ಮಾಲೀಕನಲ್ಲದವರ ಬರಹ, ಓದಿಗೆ. 4 ಮತ್ತು 10 ಮಾಲೀಕನವಕ್ಕೆ. ಚಲಾಯಿಸಲು ಇದ್ದದ್ದು 20 ಎಂಬ ಒಂದೇ ಬಿಟ್, ಎಲ್ಲರಿಗೂ ಸೇರಿ. ಎರಡು ಪಾಲೇ ಪೂರ್ತಿಯಾಗಿರದ ಕಡೆ ಮೂರನೆಯದನ್ನು ಹುಡುಕುವುದು ಹಟ ಮಾತ್ರ.

ಪಾಠಾಂತರದ ಈ ಜಗಳದಿಂದ ಇಂದಿನ ಹೋಮ್ ಡೈರೆಕ್ಟರಿಗೆ ಆಗಬೇಕಾದ್ದೇನು ಎಂಬ ಆಕ್ಷೇಪ ಬರಬಹುದು. ಉತ್ತರ ಶಾಲಾ ಲ್ಯಾಬಿನಲ್ಲಿದೆ. ವಿಷಯ ಶಿಕ್ಷಕರ ವೇದಿಕೆ ಎಂಬ ತರಬೇತಿ ಕಾರ್ಯಕ್ರಮದ ಕಾಲದಿಂದ ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಪರಿಚಿತ. ಶಿಡ್ಲಘಟ್ಟದ್ದೋ ಗೌರಿಬಿದನೂರಿನದೋ ಶಾಲಾ ಲ್ಯಾಬಿನಲ್ಲಿ ಒಂದೇ ಯಂತ್ರಕ್ಕೆ ಹಲವು ಮಕ್ಕಳ ಖಾತೆಗಳಿವೆ ಎನ್ನೋಣ. ಉಬುಂಟುವಿನಲ್ಲಿ ಹೋಮ್ ಡೈರೆಕ್ಟರಿಯ ಅನುಮತಿ ಮೊದಲು 755 ಇತ್ತು. ಒಬ್ಬರ ಮನೆಯನ್ನು ಇನ್ನೊಬ್ಬರು ಹೊಕ್ಕು ನೋಡಬಹುದಿತ್ತು. 2021ರ ಏಪ್ರಿಲ್‌ನ 21.04 ಆವೃತ್ತಿಯಿಂದ ಹೊಸ ಖಾತೆಗಳಿಗೆ ಅದು 750, ಅಂದರೆ ಇತರರಿಗೆ ಏನೂ ಇಲ್ಲ (ಹಳೆಯ ಖಾತೆಗಳು ಹಾಗೆಯೇ ಉಳಿದವು). ಒಳಗಿನ ಫೈಲಿಗೆ 644 ಇದ್ದು ಎಲ್ಲರೂ ಓದಬಹುದೆಂದಿದ್ದರೂ, ಡೈರೆಕ್ಟರಿಯ ‘ಚಲಾಯಿಸು’ ಬಿಟ್ ಇಲ್ಲದವರು ಅದರ ಬಳಿ ಸುಳಿಯಲಾರರು.

ನಡುವಿನ 5ನ್ನು, ಅಂದರೆ ಗುಂಪಿನ ಪಾಲನ್ನು, ಗಮನಿಸಬೇಕು. ಉಬುಂಟು ಪ್ರತಿ ಬಳಕೆದಾರನಿಗೂ ಅವನ ಹೆಸರಿನದೇ ಪ್ರತ್ಯೇಕ ಗುಂಪು ಕಟ್ಟುತ್ತದೆ. ನಿರ್ವಾಹಕ ಬೇರೊಬ್ಬರನ್ನು ಸೇರಿಸದ ಹೊರತು ಆ 5ರಿಂದ ಯಾರಿಗೂ ಏನೂ ಸಿಗುವುದಿಲ್ಲ. ಕಾಗದದಲ್ಲಿ 750, ಬಳಕೆಯಲ್ಲಿ 700. ರೂಟ್‌ನ ಅಧಿಕಾರವನ್ನು ಬದಿಗಿಟ್ಟರೆ, ಹೊಸ ಖಾತೆಯ ಹೋಮ್ ಡೈರೆಕ್ಟರಿಯ ಬಾಗಿಲಲ್ಲಿ ಇಂದು ನಡೆಯುವುದು 1971ರ ಲೆಕ್ಕವೇ: ಮಾಲೀಕ ಮತ್ತು ಮಾಲೀಕನಲ್ಲದವರು.

ತ್ರಿವಿಭಜನೆಯನ್ನು ಮೂಲವೆಂದು ಕಲಿಸುವವರು ಈ ಖಾಲಿ ಗುಂಪನ್ನು ವಿವರಿಸಲಾರದೆ, ಕೆಲಸ ಕೆಟ್ಟೊಡನೆ ‘777 ಕೊಡಿ’, ಅಂದರೆ ಎಲ್ಲರಿಗೂ ಎಲ್ಲವನ್ನೂ ತೆರೆಯಿರಿ, ಎನ್ನುತ್ತಾರೆ. ಮಗುವಿನ ಅಭ್ಯಾಸವನ್ನು ಶಿಕ್ಷಕರು ನೋಡಬೇಕಿದ್ದರೆ ಅವರನ್ನು ಆ ಮಗುವಿನ ಗುಂಪಿಗೆ ಸೇರಿಸಿದರೆ ಸಾಕು. ನಂತರದ ಸೇರ್ಪಡೆಯಾದ ಗುಂಪಿಗೆ ಹೋಮ್ ಡೈರೆಕ್ಟರಿಯಲ್ಲಿ ಕೆಲಸ ಸಿಗುವುದು ಆಗಲೇ.